ಅಕ್ಷರಗುಂಡಿನ ನಾಡಿನ ಬೇಟೆ

ಬಳ್ಳಾರಿಯಿಂದ ದಕ್ಷಿಣಕ್ಕೆ ಹೊರಟ ಬಸ್ಸು ರಾಂಪುರದಲ್ಲಿ ನಿಂತಾಗ ಕಿಟಕಿಯಿಂದ ಇಣುಕಿದವರಿಗೆ ಕಾಣುವುದು ಹೆಚ್ಚೇನಲ್ಲ. ಬಂಡೆಯ ಮೇಲೆ ಬಂಡೆ ಪೇರಿಸಿದಂಥ ಬೋಳು ಗುಡ್ಡಗಳು, ಅವುಗಳ ಬುಡದಲ್ಲಿ ಕೆಂಪು ನೆಲದ ಶೇಂಗಾ ಹೊಲಗಳು, ಅಲ್ಲಲ್ಲಿ ಜಾಲಿ, ದೂರದಲ್ಲಿ ಒಂದು ಕುರಿಮಂದೆ. ಊರು ಮೊಳಕಾಲ್ಮುರು ತಾಲ್ಲೂಕಿಗೆ ಸೇರಿದ್ದು. ಈ ತಾಲ್ಲೂಕಿನ ಹೆಸರನ್ನು ತುಸು ಬೇಗ ಉಚ್ಚರಿಸಿದರೆ ಮೊಲ, ಕಾಲು, ಮೂರು ಎಂದು ಕಿವಿಗೆ ಬೀಳುತ್ತದೆ. ಸ್ಥಳನಾಮದ ಪಂಡಿತರು ಇದನ್ನು ಒಪ್ಪುವರೋ ಇಲ್ಲವೋ ನಾನರಿಯೆ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ನಮ್ಮ ಗಾದೆ ಅಲ್ಲಿ ನೆನಪಾಗದೆ ಇರದು.

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತದೆ. ಕಾಡುಮೊಲದ ಬೇಟೆಗೆ ಹೋಗಿದ್ದ ಇಷ್ಟು ಮಂದಿಯ ಬಂಧನ. ಬಲೆ, ಬೈಕು ವಶ. ಬೆಳಗಿನ ಕಾಫಿಯೊಡನೆ ಇದನ್ನು ಓದುವ ನಾವು ಮೂರು ರೀತಿಯ ತೀರ್ಪುಗಳಲ್ಲಿ ಒಂದನ್ನು ಕೊಟ್ಟು ಪುಟ ಮಗುಚುತ್ತೇವೆ. ಎಂಥ ಕಟುಕರಪ್ಪ ಎನ್ನುವುದು ಒಂದು. ಪಾಪ, ಹೊಟ್ಟೆಗಿಲ್ಲದೆ ಮಾಡಿರಬೇಕು ಎನ್ನುವುದು ಎರಡನೆಯದು. ತಿಳಿವಳಿಕೆ ಇಲ್ಲದ ಜನ, ಓದು ಬಂದರೆ ಬಿಟ್ಟಾರು ಎನ್ನುವುದು ಮೂರನೆಯದು. ಕ್ರೌರ್ಯ, ಹಸಿವು, ಅಜ್ಞಾನ: ನಾವು ಹಿಡಿದ ಮೊಲಕ್ಕೂ ಮೂರೇ ಕಾಲು. ನಾಲ್ಕನೆಯ ಕಾಲು ಚರಿತ್ರೆಯದು. ಅದನ್ನು ಎಣಿಸುವುದಕ್ಕೆ ರಾಂಪುರದ ಸುತ್ತಲಿನ ಸೀಮೆಗಿಂತ ತಕ್ಕ ಸ್ಥಳ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲವೆಂದು ನನ್ನ ಎಣಿಕೆ.

ಏಕೆಂದರೆ ಪ್ರಾಣಿಗಳ ಮೇಲೆ ದಯೆಯಿರಲಿ ಎಂದು ಕನ್ನಡ ನಾಡಿನಲ್ಲಿ ಮೊತ್ತಮೊದಲು ಕಲ್ಲಿನ ಮೇಲೆ ಬರೆಸಿದ ನೆಲೆಗಳಲ್ಲಿ ಇದೂ ಒಂದು. ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದರು. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಣ ಜನ ಅಕ್ಷರಗುಂಡು ಎಂದು ಕರೆಯುತ್ತ ಬಂದಿದ್ದರು. ಓದಲು ಬಾರದಿದ್ದರೂ ಅದು ಅಕ್ಷರವೆಂಬುದು ಅವರಿಗೆ ಗೊತ್ತಿತ್ತು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಕಳಿಸಿದ ಆಜ್ಞೆ ಅದು. ತಾಯಿತಂದೆಯರ ಮಾತು ನಡೆಸಬೇಕು, ಜೀವಿಗಳ ವಿಷಯದಲ್ಲಿ ದೃಢವಾಗಿ ನಡೆದುಕೊಳ್ಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಒಂದು ಭಾಗದ ಸಾರ. ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರನ್ನೂ ಸೇರಿಸಿದ್ದಾನೆ. ಬರೆದದ್ದು ತಾನೆಂಬ ಸಣ್ಣ ಹೆಮ್ಮೆ ಆ ಕಾಲದಲ್ಲೂ ಇತ್ತು!

ಈ ಆಜ್ಞೆ ಬಂದದ್ದು ಎಂಥ ಜನರ ನಡುವೆ? ಇದಕ್ಕೆ ಉತ್ತರ ಬ್ರಹ್ಮಗಿರಿಯ ಮಣ್ಣಿನೊಳಗೇ ಇದೆ. ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಮೊದಲು, ಆ ಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿ ಅಗೆದು ನೋಡಿದರು. ತಳದ ಪದರಗಳಲ್ಲಿ ನುಣುಪು ಮಾಡಿದ ಕಲ್ಲುಕೊಡಲಿಗಳೂ ಬೆರಳುಗುರಿನಷ್ಟು ಸಣ್ಣ ಕಲ್ಲಿನ ಚಕ್ಕೆಗಳೂ ಸಿಕ್ಕವು. ಅದರ ಮೇಲಿನ ಕಾಲದ ಬೃಹತ್ ಶಿಲಾ ಸಮಾಧಿಗಳಲ್ಲಿ ಕಬ್ಬಿಣ ಬಂದಿತ್ತು: ಕುಡುಗೋಲು, ಚೂರಿ, ಈಟಿ, ಬಾಣದ ಮೊನೆ. ಕುಡುಗೋಲು ಹಿಡಿದವನು ಒಬ್ಬ, ಬಾಣ ಹೂಡಿದವನು ಇನ್ನೊಬ್ಬ ಎಂದು ಎಣಿಸುವುದು ನಮ್ಮ ಶಾಲೆಯ ಪುಸ್ತಕಗಳ ಅಭ್ಯಾಸ. ಮನುಷ್ಯ ಮೊದಲು ಬೇಟೆಗಾರ, ಆಮೇಲೆ ದನಗಾಹಿ, ಆಮೇಲೆ ಒಕ್ಕಲಿಗ ಎಂದು ಮೆಟ್ಟಿಲು ಹತ್ತಿಸುತ್ತೇವೆ. ಈ ಸೀಮೆಯಲ್ಲಿ ಆ ಮೂರೂ ಒಂದೇ ಮನೆಯಲ್ಲಿ, ಒಂದೇ ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಇದ್ದಿರಬೇಕು ಎಂದು ನನಗೆ ತೋರುತ್ತದೆ. ಅದಕ್ಕೆ ಕಾರಣ ಮಳೆ.

ಚಳ್ಳಕೆರೆ, ಮೊಳಕಾಲ್ಮುರು ಎರಡೂ ಕರ್ನಾಟಕದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿವೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ಅದೂ ಬರಬೇಕಾದಾಗ ಬರುವುದಿಲ್ಲ. ಮುಂಗಾರು ಪಶ್ಚಿಮದ ಘಟ್ಟದಲ್ಲೇ ತನ್ನ ಹೊರೆ ಇಳಿಸಿ ಬರುತ್ತದೆ, ಹಿಂಗಾರು ಇಲ್ಲಿಗೆ ತಲುಪುವಷ್ಟರಲ್ಲಿ ದಣಿದಿರುತ್ತದೆ. ಇಂಥಲ್ಲಿ ಒಂದೇ ಬೆಳೆಯನ್ನು ನಂಬಿದವನು ಕೆಟ್ಟ. ಆದ್ದರಿಂದ ಹೊಲದ ಜೊತೆಗೆ ಕುರಿ, ದನ. ಅವುಗಳ ಜೊತೆಗೆ ಗುಡ್ಡದ ಜೇನು, ಕಾರೆ ಬಾರೆ ಹಣ್ಣು. ಕೊನೆಗೆ ಕುರುಚಲಿನಲ್ಲಿ ಮೊಲ, ಕವುಜುಗ, ಲಾವಕ್ಕಿ, ಉಡ, ಮುಳ್ಳುಹಂದಿ. ಮಾಂಸದಿಂದ ಹೊಟ್ಟೆ ತುಂಬುತ್ತಿತ್ತೆಂದಲ್ಲ. ಒಂದು ಮೊಲ ಒಂದು ಮನೆಗೆ ಒಂದು ಹೊತ್ತು. ಆದರೆ ಬಲೆ ಹೆಣೆಯುವ ಕೈ, ಹೆಜ್ಜೆ ಗುರುತಿಸುವ ಕಣ್ಣು ಮನೆಯಲ್ಲಿ ಉಳಿದಿದ್ದರೆ ಕೆಟ್ಟ ವರ್ಷಕ್ಕೆ ಅದು ಆಪದ್ಧನ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ನೆನೆಯಿರಿ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲವನ್ನು ಕಂಡ ಸೀಮೆ ಬೇಟೆಯ ವಿದ್ಯೆಯನ್ನು ಸುಲಭವಾಗಿ ಮರೆಯುವುದಿಲ್ಲ.

ಇನ್ನು ಬೆಳೆಯ ಮಾತು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಯ ಹಿಂಡು ಒಂದು ರಾತ್ರಿ ಹೊಲಕ್ಕೆ ಇಳಿದರೆ ಬೆಳಿಗ್ಗೆ ಅಲ್ಲಿ ನೇಗಿಲು ಹೊಡೆದಂತೆ ಇರುತ್ತದೆ. ಚಿಗುರನ್ನು ಮೊಲ, ಚಿಗರಿಗಳು ಮೇಯುತ್ತವೆ. ಗುಡ್ಡದ ಕರಡಿ ಹಣ್ಣಿನ ಕಾಲದಲ್ಲಿ ತೋಟದ ಹಾದಿ ಹಿಡಿಯುತ್ತದೆ. ಹೊಲದ ನಡುವೆ ಅಟ್ಟಣೆ ಕಟ್ಟಿ, ಡಬ್ಬ ಬಡಿದು, ಕವಣೆ ಬೀಸಿ ರಾತ್ರಿಯಿಡೀ ಕಾಯುವವನಿಗೆ ಬೇಟೆಯೂ ಕಾವಲೂ ಬೇರೆ ಬೇರೆ ಕೆಲಸಗಳಲ್ಲ. ನಗರದಲ್ಲಿ ಕುಳಿತ ನಮಗೆ ಕಾಡುಪ್ರಾಣಿ ಎಂದರೆ ನೋಡುವ ವಸ್ತು. ಅವನಿಗೆ ಅದು ನೆರೆಯವನು. ನೆರೆಯವನೊಡನೆ ಇರುವ ಜಗಳ, ಸಲಿಗೆ, ಭಯ, ಲೆಕ್ಕಾಚಾರ ಎಲ್ಲವೂ ಅದರೊಡನೆ ಉಂಟು.

ಹಳ್ಳಿಯವನ ಬೇಟೆ ಹೊಟ್ಟೆಪಾಡು, ಅರಸನ ಬೇಟೆ ವಿನೋದ ಎಂದು ಬೇರೆ ಮಾಡಿ ಹೇಳುವುದುಂಟು. ಆದರೆ ನಮ್ಮ ಚರಿತ್ರೆಯಲ್ಲಿ ಇವೆರಡೂ ಒಂದರ ಕೈಯನ್ನು ಒಂದು ಹಿಡಿದೇ ನಡೆದಿವೆ. ಮಂಡ್ಯದ ಕಡೆಯ ಆತಕೂರಿನಲ್ಲಿ ಸುಮಾರು 950ರ ಒಂದು ಕಲ್ಲುಂಟು. ಚೋಳರೊಡನೆ ನಡೆದ ಯುದ್ಧದ ಮಾತಿನ ಜೊತೆಗೇ ಅದರಲ್ಲಿ ಕಾಳಿ ಎಂಬ ಬೇಟೆನಾಯಿಯ ಸ್ಮರಣೆ ಇದೆ. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ ತಾನೂ ಸತ್ತಿತು. ಅದರ ಒಡೆಯ ಮಣಲೆರ ಕಲ್ಲು ನಿಲ್ಲಿಸಿದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಬೇಟೆಯ ಬಗೆಗಳಿಗೇ ಒಂದು ಭಾಗವಿದೆ. ಅದೇ ಗ್ರಂಥದ ಅಡುಗೆಯ ಭಾಗದಲ್ಲಿ ಹೊಲದ ಇಲಿಯನ್ನು ಸುಟ್ಟು ಬೇಯಿಸುವ ಕ್ರಮವೂ ಇದೆ. ಚಕ್ರವರ್ತಿಯ ತಾಟಿನಲ್ಲಿ ಹೊಲದ ಇಲಿ! ಅದನ್ನೇ ಇಂದು ಬಡವನೊಬ್ಬ ಸುಟ್ಟು ತಿಂದರೆ ನಾವು ಮೂಗು ಮುರಿಯುತ್ತೇವೆ. ರಾಂಪುರಕ್ಕೆ ದೂರವಲ್ಲದ ಹಂಪಿಯಲ್ಲಿ ಮಹಾನವಮಿ ದಿಬ್ಬದ ಸುತ್ತ ಜಿಂಕೆಗಳನ್ನು ಅಟ್ಟುವ ಬೇಟೆಗಾರರ ಸಾಲುಗಳು ಕಲ್ಲಿನಲ್ಲಿ ಓಡುತ್ತಲೇ ಇವೆ.

ವಿಜಯನಗರದ ನೆರಳಿನಲ್ಲಿ ಬೆಳೆದ ಪಾಳೆಯಗಾರರಲ್ಲಿ ಹಲವರು ಬೇಡರೇ. ಚಿತ್ರದುರ್ಗದ ನಾಯಕರು, ರಾಯದುರ್ಗದವರು, ಚಳ್ಳಕೆರೆ ಸೀಮೆಯ ನಾಯಕನಹಟ್ಟಿಯವರು, ಇವರ ಸೈನ್ಯ ಬಂದದ್ದು ಹಳ್ಳಿಯ ಬೇಟೆಯ ಗುಂಪಿನಿಂದ. ಸದ್ದಿಲ್ಲದೆ ಬಂಡೆ ಹತ್ತುವುದು, ಸುತ್ತುಗಟ್ಟಿ ಅಟ್ಟುವುದು, ಸನ್ನೆಯಲ್ಲೇ ಮಾತಾಡುವುದು, ನೀರಿಲ್ಲದೆ ದಿನವಿಡೀ ಕಾಯುವುದು, ಇವುಗಳಿಗೆ ಬೇರೆ ಕವಾಯತಿನ ಮೈದಾನ ಬೇಕಾಗಿರಲಿಲ್ಲ. ಪಾಳೆಯಗಾರನಿಗೆ ಬೇಟೆ ಬಿಡಿಸುವುದೆಂದರೆ ತನ್ನ ಸೈನ್ಯವನ್ನು ತಾನೇ ಅಳಿಸಿದಂತೆ. 1779ರಲ್ಲಿ ಮದಕರಿ ನಾಯಕನ ದುರ್ಗ ಹೈದರಾಲಿಯ ವಶವಾಯಿತು. ಬೇಡರನ್ನು ಸಾವಿರಗಟ್ಟಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅಲ್ಲಿಗೆ ಆಳುವ ಬೇಡನ ಕಾಲ ಮುಗಿದು, ಆಳಿಸಿಕೊಳ್ಳುವ ಬೇಡನ ಕಾಲ ಮೊದಲಾಯಿತು. ಬೇಟೆ ಮಾತ್ರ ಉಳಿಯಿತು, ಅದರ ಮಾನ ಹೋಯಿತು.

ಇಲ್ಲಿ ಒಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾಗದು. ಬೇಡ ಎಂದರೆ ಕಂಡದ್ದನ್ನೆಲ್ಲ ಕೊಂದು ತಿನ್ನುವವನು ಎಂದು ತಿಳಿದವರು ಚಳ್ಳಕೆರೆ, ಮೊಳಕಾಲ್ಮುರಿನ ಮ್ಯಾಸ ನಾಯಕರ ಹಟ್ಟಿಗಳನ್ನು ನೋಡಬೇಕು. ಊರಬೇಡರಿಂದ ಬೇರೆಯಾಗಿ ಮ್ಯಾಸಬೇಡರೆಂದು ಹೆಸರಾದ ಇವರು ಹಿಂದಿನಿಂದ ಪಶುಪಾಲಕರು. ಅವರಿಗೆ ಕೋಳಿ ನಿಷಿದ್ಧ, ಹಂದಿ ನಿಷಿದ್ಧ, ಹೆಂಡ ನಿಷಿದ್ಧ. ಹೆಂಡ ಕೊಡುವ ಈಚಲು ಮರದ ನೆರಳೂ ಬೇಡವೆನ್ನುವಷ್ಟು ಕಟ್ಟುನಿಟ್ಟು. ಗಾದ್ರಿ ಪಾಲನಾಯಕನಂಥ ತಮ್ಮ ವೀರರನ್ನು ದೈವವಾಗಿ ಪೂಜಿಸುತ್ತಾರೆ. ಆ ದೈವಗಳ ಹೆಸರಿನಲ್ಲಿ ದೇವರ ಎತ್ತುಗಳ ಮಂದೆಗಳಿವೆ. ಈ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಕೊಲ್ಲುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿ ಬೇಸಗೆಯಲ್ಲಿ ಮೇವು ನೀರು ಹುಡುಕಿ ಊರೂರು ಅಲೆಯುತ್ತಾನೆ. ಬರಗಾಲದಲ್ಲಿ ಮನುಷ್ಯರಿಗೇ ಕೂಳಿಲ್ಲದಾಗಲೂ ದುಡಿಯದ, ಹಾಲು ಕೊಡದ, ಮಾರಲಾಗದ ಎತ್ತುಗಳನ್ನು ಸಾಕಿಕೊಂಡು ಬಂದ ಜನವನ್ನು ಕ್ರೂರಿಗಳೆಂದು ಕರೆಯುವ ಧೈರ್ಯ ನನಗಿಲ್ಲ.

ಇದರಿಂದ ತಿಳಿದುಬರುವುದೇನೆಂದರೆ, ಬೇಟೆಯಾಡುವ ಸಮುದಾಯಕ್ಕೆ ಪ್ರಾಣಿಗಳ ವಿಷಯದಲ್ಲಿ ನಿಯಮವೇ ಇಲ್ಲವೆಂಬುದು ಸುಳ್ಳು. ನಿಯಮ ಉಂಟು, ಅದು ನಮ್ಮ ನಿಯಮವಲ್ಲ. ಇಂಥದನ್ನು ತಿನ್ನಬಹುದು, ಇಂಥದನ್ನು ಮುಟ್ಟಬಾರದು. ಈ ಹಬ್ಬಕ್ಕೆ ಬೇಟೆ, ಆ ತಿಂಗಳಲ್ಲಿ ಇಲ್ಲ. ಈ ದೈವದ ಗುಡ್ಡದಲ್ಲಿ ಕೊಡಲಿ ಎತ್ತಬಾರದು. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಬಾಡೂಟ. ಎಷ್ಟೋ ಹಳ್ಳಿಗಳಲ್ಲಿ ಆ ಹಬ್ಬದ ಆಸುಪಾಸಿನಲ್ಲೇ ಊರಿನ ಗಂಡಸರೆಲ್ಲ ಕೋಲು, ಬಲೆ, ನಾಯಿಗಳೊಡನೆ ಹೊರಡುವ ರೂಢಿಯಿತ್ತು. ಗಡಿಯಾಚೆಯ ರಾಯಲಸೀಮೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ದೇವರೇ ಬೇಟೆಗೆ ಹೊರಡುವ ಉತ್ಸವವುಂಟು. ಅಹೋಬಲದ ನರಸಿಂಹ ಹಳ್ಳಿ ಹಳ್ಳಿ ಸುತ್ತುತ್ತಾನೆ. ಅರ್ಜುನನ ಎದುರು ಶಿವನು ಬೇಡನಾಗಿ ಬಂದ ಕಥೆಯನ್ನು ಪಂಪನಿಂದ ಷಡಕ್ಷರದೇವನವರೆಗೆ ನಮ್ಮ ಕವಿಗಳು ಬಿಡದೆ ಹಾಡಿದರು. ಕಣ್ಣು ಕಿತ್ತುಕೊಟ್ಟ ಬೇಡರ ಕಣ್ಣಪ್ಪನನ್ನು 1954ರಲ್ಲಿ ಬೆಳ್ಳಿತೆರೆಯ ಮೇಲೆ ನೋಡಿ ಕಣ್ಣೀರಿಟ್ಟವರು ನಗರದವರೂ ಹೌದು. ಕಣ್ಣಪ್ಪ ಮೊದಲು ಶಿವನಿಗೆ ಅರ್ಪಿಸಿದ್ದು ತಾನು ರುಚಿ ನೋಡಿದ ಬೇಟೆಯ ಮಾಂಸವನ್ನು ಎಂಬುದನ್ನು ನಾವು ಸಿನಿಮಾ ಮಂದಿರದಿಂದ ಹೊರಗೆ ಬಂದ ಕೂಡಲೇ ಮರೆಯುತ್ತೇವೆ.

ಹಬ್ಬದ ಬೇಟೆಯಲ್ಲಿ ಮಾಂಸಕ್ಕಿಂತ ಪಾಲು ದೊಡ್ಡದು. ಮೊದಲು ಹೊಡೆದವನಿಗೆ ಇಷ್ಟು, ಬಲೆಯವನಿಗೆ ಇಷ್ಟು, ಬರಿಗೈಯಲ್ಲಿ ಬಂದು ಕೂಗಿದವನಿಗೂ ಇಷ್ಟು. ಕೊಡಗಿನಂಥ ಕಡೆ ನಾಯಿಗೂ ಒಂದು ಪಾಲು. ಹೊಲದ ಫಸಲಿನಲ್ಲಿ ಇರುವವನೂ ಇಲ್ಲದವನೂ ಬೇರೆ. ಬೇಟೆಯ ದಿನ ಮಾತ್ರ ಗೌಡನ ಮಗನೂ ಕೂಲಿಯವನೂ ಒಂದೇ ಸಾಲಿನಲ್ಲಿ ನಿಂತು ಸೋಹುತ್ತಾರೆ. ವರ್ಷಕ್ಕೊಮ್ಮೆ ಹೀಗೆ ಎಣಿಸಿಕೊಳ್ಳುವ ಅಗತ್ಯ ಊರಿಗಿತ್ತು. ಎಲ್ಲ ಕಡೆಯೂ ಎಲ್ಲರನ್ನೂ ಸೇರಿಸಿಕೊಳ್ಳುತ್ತಿದ್ದರೆಂದು ನಾನು ಹೇಳಲಾರೆ. ಊರೊಳಗಿನ ಭೇದಗಳು ಕುರುಚಲಿಗೂ ಹಿಂಬಾಲಿಸಿರುತ್ತವೆ.

ಊರಿನವರದು ಈ ಕಥೆಯಾದರೆ ಊರೇ ಇಲ್ಲದವರದು ಇನ್ನೊಂದು. ಹರಣಶಿಕಾರಿಗಳು, ಪಾರ್ಧಿಗಳು ಮೊದಲಾದ ಅಲೆಮಾರಿಗಳಿಗೆ ಬೇಟೆ ವೃತ್ತಿ. ಕೆ. ಸಿ. ಮಲ್ಹೋತ್ರ, ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದಲ್ಲಿ ಇಂಥ ಮೂರು ಗುಂಪುಗಳನ್ನು ಅಭ್ಯಾಸಮಾಡಿ 1983ರಲ್ಲಿ ಬರೆದ ಸಂಗತಿ ಬಹಳ ಸ್ವಾರಸ್ಯಕರ. ಒಂದೇ ಸೀಮೆಯಲ್ಲಿ ತಿರುಗುವ ಈ ಮೂರು ಗುಂಪುಗಳು ಒಬ್ಬರ ಬೇಟೆಗೆ ಇನ್ನೊಬ್ಬರು ಕೈಹಾಕುತ್ತಿರಲಿಲ್ಲ. ಫಾಸೆ ಪಾರ್ಧಿಗಳು ಉರುಲು ಹಾಕಿ ಚಿಗರಿ, ಹಕ್ಕಿಗಳನ್ನು ಹಿಡಿಯುವವರು. ನಂದಿವಾಲರು ನಾಯಿ ಬಿಟ್ಟು ಹಂದಿ, ಮುಳ್ಳುಹಂದಿ, ಉಡಗಳ ಹಿಂದೆ ಹೋಗುವವರು. ವೈದುಗಳದು ನೀರಿನ ಜೀವಿಗಳು ಮತ್ತು ಸಣ್ಣ ಮಾಂಸಾಹಾರಿ ಪ್ರಾಣಿಗಳು. ಉರುಲಿಗೆ ಬಿದ್ದ ಬಸುರಿ ಚಿಗರಿಯನ್ನೂ ಮರಿಯನ್ನೂ ಪಾರ್ಧಿಗಳು ಬಿಟ್ಟುಬಿಡುವ ರೂಢಿಯಿತ್ತೆಂದೂ ಗಾಡ್ಗೀಳರು ದಾಖಲಿಸಿದ್ದಾರೆ. ನಾಳೆಯೂ ಬೇಟೆ ಬೇಕಾದವನ ವಿವೇಕ ಅದು. ಬಡ್ಡಿ ತಿಂದು ಅಸಲು ಉಳಿಸಿದಂತೆ. ಆದರೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದ ಮೇಲೆ ಇಂಥ ಎಷ್ಟೋ ಜನ ಹುಟ್ಟುವಾಗಲೇ ಅಪರಾಧಿಗಳಾದರು. ಹುಬ್ಬಳ್ಳಿ, ಗದಗುಗಳಲ್ಲಿ ಅವರನ್ನು ತಂತಿಬೇಲಿಯ ಸೆಟ್ಲ್‌ಮೆಂಟುಗಳಲ್ಲಿ ಇಟ್ಟರು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಪೊಲೀಸರ ಅನುಮಾನ ಆ ವರ್ಷವೇ ರದ್ದಾಯಿತೆಂದು ಯಾರೂ ಹೇಳಲಾರರು.

ಕಾಯಿದೆಯ ಮಾತು ಬಂದಿತು. ಬೇಟೆ ಅಪರಾಧವಾದ ಬಗೆಯನ್ನು ತುಸು ನಿಂತು ನೋಡಬೇಕು. ಇಂಗ್ಲೆಂಡಿನಲ್ಲಿ ನಾರ್ಮನ್ ದೊರೆಗಳು ಕಾಡನ್ನೂ ಜಿಂಕೆಯನ್ನೂ ತಮ್ಮದೆಂದು ಬೇಲಿ ಹಾಕಿದರು. ರಾಬಿನ್ ಹುಡ್‌ನ ಕಥೆ ಹುಟ್ಟಿದ್ದು ಆ ನೆಲದಲ್ಲಿ. 1723ರಲ್ಲಿ ಅಲ್ಲಿನ ಪಾರ್ಲಿಮೆಂಟು, ಮುಖಕ್ಕೆ ಮಸಿ ಬಳಿದು ಜಿಂಕೆ ಕದಿಯಲು ಹೋದವನಿಗೆ ಗಲ್ಲು ಎಂದು ಶಾಸನ ಮಾಡಿತು. ಸುಮಾರು ನೂರು ವರ್ಷ ಅದು ಜಾರಿಯಲ್ಲಿತ್ತು. ಈ ಪರಂಪರೆಯಿಂದ ಬಂದ ಅಧಿಕಾರಿಗಳು ಇಲ್ಲಿ ಏನು ಮಾಡಿದರೆಂಬುದಕ್ಕೆ ಮುಧೋಳದ ಹಲಗಲಿ ಸಾಕ್ಷಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಅಪ್ಪಣೆಯನ್ನು ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಹತ್ತೊಂಬತ್ತು ಮಂದಿಯನ್ನು ನೇಣಿಗೆ ಹಾಕಿದರು. ಶಾಲೆಯಲ್ಲಿ ಆ ಲಾವಣಿಯನ್ನು ಸ್ವಾತಂತ್ರ್ಯದ ಹೋರಾಟವೆಂದು ಓದುತ್ತೇವೆ, ಓದಬೇಕಾದ್ದೇ. ಆದರೆ ಕೇಳಿದ್ದು ಬೇಟೆಯ ಆಯುಧವನ್ನೂ ಆಗಿತ್ತು, ಬೇಡನ ಕೈಯಿಂದ ಅದನ್ನು ಕಿತ್ತರೆ ಅವನ ಹೆಸರನ್ನೇ ಕಿತ್ತಂತೆ ಎಂಬುದನ್ನು ಮೇಷ್ಟ್ರು ಹೇಳಿದ ನೆನಪು ನನಗಿಲ್ಲ. ಕೊಡವರ ಭಾಗ್ಯ ಬೇರೆ. ಅವರ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಕೈಲ್‌ಪೊಳ್ದಿನ ದಿನ ಆ ಕೋವಿಗೆ ಹೂವಿಟ್ಟು ಪೂಜೆ. ಅದು ನನಗೆ ಸಂತೋಷದ ವಿಷಯವೇ. ಒಂದೇ ನಾಡಿನಲ್ಲಿ ಒಬ್ಬರ ಆಯುಧ ಗೌರವದ ಗುರುತು, ಇನ್ನೊಬ್ಬರದು ಅಪರಾಧದ ಸಾಕ್ಷ್ಯ ಆದದ್ದು ಯಾವ ನ್ಯಾಯದಿಂದ ಎಂದು ಮಾತ್ರ ಕೇಳಬೇಕಾಗಿದೆ.

ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಳ ಸಂರಕ್ಷಣೆಯ ರೆಗ್ಯುಲೇಷನ್ ಬಂದದ್ದು 1901ರಲ್ಲಿ. ಸಂರಕ್ಷಣೆ ಯಾರಿಗಾಗಿ? ಮಹಾರಾಜರ, ಅವರ ಅತಿಥಿ ವೈಸರಾಯರ ಶಿಕಾರಿಗೆ ಪ್ರಾಣಿಗಳು ಉಳಿಯಬೇಕಾಗಿತ್ತು. ಕಾಕನಕೋಟೆಯಲ್ಲಿ ಖೆಡ್ಡಾ ವೈಭವ, ಬಂಡೀಪುರದಲ್ಲಿ ಹುಲಿ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಸತ್ತ ಹುಲಿ ಚಿರತೆಗಳಿಗೆ ಗಾಜಿನ ಕಣ್ಣಿಟ್ಟು ದೇಶ ವಿದೇಶದ ದೊರೆಗಳ ದಿವಾನಖಾನೆಗೆ ಕಳಿಸಿತು. ಇದೇ ಕಾಲದಲ್ಲಿ ಸರ್ಕಾರ ಇನ್ನೊಂದು ಕೈಯಿಂದ ಇನಾಮು ಕೊಟ್ಟು ಪ್ರಾಣಿಗಳನ್ನು ಕೊಲ್ಲಿಸುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಇನಾಮಿಗಾಗಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳಗಳನ್ನು ಕೊಂದರೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಹಳ್ಳಿಯ ಬೇಟೆಗಾರ ಮೊಲ ಹಿಡಿದರೆ ತಪ್ಪು, ತೋಳದ ತಲೆ ತಂದರೆ ಬಹುಮಾನ! ಮೊಳಕಾಲ್ಮುರಿನವರಿಗೆ ಇನ್ನೊಂದು ಪೇಚೂ ಇತ್ತು. ಗಡಿಯಾಚೆಗೆ ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ; ಈಚೆಗೆ ಮಹಾರಾಜರ ಸೀಮೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ, ರಾಯದುರ್ಗ ಆಂಧ್ರಕ್ಕೆ ಹೋದ ಮೇಲೆ ಗಡಿಯ ಗೆರೆ ಬೇರೆಯಾಯಿತು, ಪೇಚು ಉಳಿಯಿತು. ಇಲ್ಲಿ ಎದ್ದ ಮೊಲ ಅಲ್ಲಿ ಬಿದ್ದರೆ ಯಾವ ದೊರೆಯ ಮೊಲ?

ಕೊನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಶಿಕಾರಿಯ ದೊರೆಗಳನ್ನೂ ಹಳ್ಳಿಯವರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿತು. ಆ ಕಾಯಿದೆ ಬೇಡವಾಗಿತ್ತೆಂದು ಹೇಳುವ ಹುಂಬತನಕ್ಕೆ ನಾನು ಹೋಗುವುದಿಲ್ಲ. ಅದಿಲ್ಲದಿದ್ದರೆ ಇಂದು ಚಿಗರಿಯನ್ನು ಹಂಪಿಯ ಕಲ್ಲಿನ ಮೇಲೆ ಮಾತ್ರ ನೋಡಬೇಕಾಗುತ್ತಿತ್ತು. ಬೇಟೆಯೂ ಹಿಂದಿನದಾಗಿ ಉಳಿದಿಲ್ಲ. ಕೋಲು ಬಲೆಗಳ ಜಾಗಕ್ಕೆ ಕಣ್ಣು ಕೋರೈಸುವ ಟಾರ್ಚು, ಮೋಟಾರ್ ಬೈಕು, ಹಂದಿಯ ಬಾಯಲ್ಲಿ ಸಿಡಿಯುವ ಮದ್ದಿನುಂಡೆ, ಬೇಲಿಗೆ ಕೊಟ್ಟ ಕಳ್ಳ ಕರೆಂಟು ಬಂದಿವೆ. ಕೊಂದದ್ದು ಊರಿನ ಪಾಲಿಗೆ ಬರುವುದಿಲ್ಲ, ಹೆದ್ದಾರಿಯ ಗಿರಾಕಿಗೆ ಹೋಗುತ್ತದೆ. ಪಾಲಿಲ್ಲದ, ತಿಥಿಯಿಲ್ಲದ, ನಿಷೇಧವಿಲ್ಲದ ಈ ಬೇಟೆಗೆ ಹಳೆಯ ರೂಢಿಯ ಹೆಸರು ಹೇಳಿ ಮರ್ಯಾದೆ ತರುವುದು ಸಲ್ಲದು. ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳನ್ನು ಅಧಿಕಾರಿಯ ಲಿಖಿತ ಅಪ್ಪಣೆಯಿಂದ ಕೊಲ್ಲಲು ಕಾಯಿದೆಯಲ್ಲೇ ಅವಕಾಶವಿದೆ. ಅಪ್ಪಣೆ ಬರುವವರೆಗೆ ಹಂದಿ ಕಾಯಬೇಕಷ್ಟೆ.

ಆದರೆ ಪ್ರಾಣಿಗಳ ಉಪಯೋಗವೆಂದೊಡನೆ ಹಳ್ಳಿಯ ಕಡೆಗೇ ಬೆರಳು ತೋರುವ ನಾವು ನಮ್ಮ ಮನೆಯ ಪೆಟ್ಟಿಗೆಯನ್ನೂ ತೆರೆದು ನೋಡಬೇಕು. ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಕಟ್ಟಿದ ಬೆರಳಗಲದ ಕೃಷ್ಣಾಜಿನದ ತುಂಡು ನನ್ನ ಹೆಗಲ ಮೇಲೂ ಇತ್ತು. ಅದು ಯಾವ ಚಿಗರಿಯದು, ಯಾರು ಹಿಡಿದದ್ದು ಎಂದು ಪುರೋಹಿತರನ್ನು ಯಾರೂ ಕೇಳಲಿಲ್ಲ. ಸಂಗೀತ ಸಭೆಯಲ್ಲಿ ನಾವು ತಲೆದೂಗುವ ಕಂಜಿರಕ್ಕೆ ಬಹುಕಾಲ ಬಿಗಿಯುತ್ತಿದ್ದದ್ದು ಉಡದ ಚರ್ಮ. ದೇವರ ಅಭಿಷೇಕಕ್ಕೆ ಪುನುಗು, ಬಾಣಂತಿಯ ಮದ್ದಿಗೆ ಕಸ್ತೂರಿ, ಮಗುವಿನ ಕೊರಳಿಗೆ ಹುಲಿಯ ಉಗುರು. 2023ರ ಅಕ್ಟೋಬರಿನಲ್ಲಿ ಟಿ.ವಿ. ಕಾರ್ಯಕ್ರಮವೊಂದರ ಸ್ಪರ್ಧಿಯ ಕೊರಳಲ್ಲಿ ಹುಲಿಯುಗುರಿನ ಪದಕ ಕಂಡು ಅರಣ್ಯ ಇಲಾಖೆಯವರು ಬಂಧಿಸಿದಾಗ ಎಷ್ಟು ಸಿರಿವಂತರ ಮನೆಗಳಲ್ಲಿ ಗಾಬರಿಯಾಯಿತೆಂಬುದನ್ನು ವಾಚಕರು ಮರೆತಿರಲಾರರು. ಹಳ್ಳಿಯ ಮುದುಕ ಕೀಲುನೋವಿಗೆ ಉಡದ ಎಣ್ಣೆ ಹಚ್ಚಿಕೊಳ್ಳುವುದು ಮೂಢನಂಬಿಕೆಯಾದರೆ ಇದನ್ನು ಏನೆನ್ನೋಣ?

ಬಲೆಯಿಂದ ಸತ್ತ ಪ್ರಾಣಿಗಳ ಲೆಕ್ಕ ಹಾಕುವಾಗ ಬಲೆಯಿಲ್ಲದೆ ಹೋದವುಗಳನ್ನೂ ಸೇರಿಸಬೇಕಲ್ಲವೆ? ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳೇ ಚಳ್ಳಕೆರೆಯ ಕಾವಲುಗಳು. ದನದ ಜೊತೆಗೆ ಚಿಗರಿ, ತೋಳ, ನರಿ, ಎರ್ಲಡ್ಡು ಹಕ್ಕಿ ಎಲ್ಲವೂ ಅಲ್ಲಿ ಬಾಳಿದವು. ಸುತ್ತಲ ಹಳ್ಳಿಗಳ ಕುರಿದನಗಳೂ ಅಲ್ಲೇ ಮೇದವು. 2007ರಿಂದ 2010ರ ನಡುವೆ ದೊಡ್ಡಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಕಡೆ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ವಹಿಸಿಕೊಟ್ಟರು. ಉದ್ದಕ್ಕೂ ಗೋಡೆ ಎದ್ದಿತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ಹೋಯಿತು. 2017ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾ ನೆಲೆಯ ಉದ್ಘಾಟನೆಯಾಯಿತು. ದೇಶಕ್ಕೆ ಅವೂ ಬೇಕು, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಗೋಡೆಯಿಂದ ಮೇವು ತಪ್ಪಿದ ಚಿಗರಿಗಾಗಿ ಯಾರ ಬೈಕೂ ವಶವಾಗಲಿಲ್ಲ. ಎರ್ಲಡ್ಡು ಹಕ್ಕಿಯಂತೂ ಇಡೀ ಕರ್ನಾಟಕದಲ್ಲಿ ಈಗ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ.

ಅಶೋಕ ಈ ತೊಡಕನ್ನು ತನ್ನ ರೀತಿಯಲ್ಲಿ ಕಂಡಿದ್ದ. ಗುತ್ತಿಯ ಹತ್ತಿರದ ಎರ್ರಗುಡಿಯ ಬಂಡೆಯ ಮೇಲೂ ಇರುವ ಅವನ ಮೊದಲನೆಯ ಶಾಸನದಲ್ಲಿ ಅವನು ಲೆಕ್ಕ ಒಪ್ಪಿಸುವುದು ತನ್ನ ಅಡುಗೆಮನೆಯದು. ಹಿಂದೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ನಿತ್ಯವಲ್ಲ, ಮುಂದೆ ಇವೂ ಇಲ್ಲ. 1958ರಲ್ಲಿ ಕಂದಹಾರದಲ್ಲಿ ಸಿಕ್ಕ ಶಾಸನದಲ್ಲಿಯೂ ಬೇಟೆ ಬಿಟ್ಟವರ ಸಾಲಿನಲ್ಲಿ ಮೊದಲು ಬರುವವನು ದೊರೆ, ಆಮೇಲೆ ದೊರೆಯ ಬೇಟೆಗಾರರು, ಬೆಸ್ತರು. ಕಾಡಿನ ಜನರಿಗೆ ಅವನು ಇನ್ನೊಂದು ಶಾಸನದಲ್ಲಿ ಗದರಿಕೆಯನ್ನೂ ಕಳಿಸಿದ್ದಾನೆ, ಅವನೂ ಚಕ್ರವರ್ತಿಯೇ. ಆದರೂ ದಯೆಯ ಪಟ್ಟಿಯನ್ನು ತನ್ನ ತಟ್ಟೆಯಿಂದ ಮೊದಲುಮಾಡಿದವನು ಎಂಬುದನ್ನು ಮರೆಯಬಾರದು.

ಚಿತ್ರದುರ್ಗ ಜಿಲ್ಲೆಯಲ್ಲಿಯೇ ಹೊಸದುರ್ಗದ ಕಡೆ ಸಂಕ್ರಾಂತಿಯ ಹೊತ್ತಿಗೆ ಒಂದು ಆಚರಣೆಯುಂಟು. ಊರಿನವರು ಕುರುಚಲಿಗೆ ಹೋಗಿ ಬಲೆ ಕಟ್ಟಿ ಮೊಲವನ್ನು ಜೀವಂತ ಹಿಡಿದು ತರುತ್ತಾರೆ. ದೇವರ ಮುಂದೆ ಅದಕ್ಕೆ ಪೂಜೆ ಮಾಡಿ, ಕಿವಿಗೆ ಓಲೆ ಇಟ್ಟು, ಜನರ ನಡುವೆ ಮೆರೆಸಿ, ಮತ್ತೆ ಬಯಲಿಗೆ ಬಿಟ್ಟುಬಿಡುತ್ತಾರೆ. ಬಲೆ ಅದೇ, ಸೋಹುವ ಕೂಗು ಅದೇ, ಕೊಲ್ಲುವುದು ಮಾತ್ರ ಇಲ್ಲ. ಆದರೆ 1972ರ ಕಾಯಿದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟ ಅರ್ಥದೊಳಗೆ ಕೊಲ್ಲುವುದರ ಜೊತೆಗೆ ಹಿಡಿಯುವುದೂ ಬಲೆಗೆ ಬೀಳಿಸುವುದೂ ಸೇರಿದೆ. ಕಾಯಿದೆಯ ಅಕ್ಷರಕ್ಕೆ ಕಟ್ಟುಬಿದ್ದು ಓದಿದರೆ, ಓಲೆ ಹಾಕಿಸಿಕೊಂಡು ಓಡಿಹೋದ ಆ ಮೊಲವೂ ಬೇಟೆಯಾದದ್ದೇ.